ಜೆಮ್ಮಾಳನ್ನು ಯಾರಾದರೂ ಕೇಳಿದ್ರಾ?

ಮೊದಲೇ ಹೇಳಿಬಿಡುತ್ತೇನೆ. 'ಸೆವೆರೆನ್ಸ್' ಅನ್ನುವ ಟಿವಿ ಸರಣಿಯ ಎರಡನೇ ಸೀಸನ್ ಪೂರ್ತಿ ನೋಡದವರು ಇದನ್ನು ಈಗ ಓದಬೇಡಿ. ನೋಡಿ ಬಂದು ಓದಿ. ಕೊನೆಯ ದೃಶ್ಯವನ್ನು ಬಿಡಿಸಿ ಹೇಳದೆ ನನಗೆ ಇದನ್ನು ಬರೆಯಲಿಕ್ಕೆ ಆಗುವುದಿಲ್ಲ.

"ಮಾರ್ಕ್ ಯಾರನ್ನು ಆರಿಸ್ಕೊಳ್ಬೇಕಿತ್ತು? ಹೆಂಡತಿಯನ್ನಾ, ಹೆಲ್ಲಿಯನ್ನಾ?"

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಮೊನ್ನೆ ಹುತ್ತರಿಗೆ ದೊಡ್ಡಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಕದಿರು ತಂದಾಗಿತ್ತು, ಪಟಾಕಿ ಮುಗಿದಿತ್ತು, ಊಟವೂ ಆಗಿತ್ತು. ದೊಡ್ಡವರೆಲ್ಲ ಮಲಗಲು ಹೋದ ಮೇಲೆ ನಾವು ನಾಲ್ಕೈದು ಜನ ತಂಬಿಟ್ಟಿನ ತಟ್ಟೆ ಇಟ್ಟುಕೊಂಡು ಜಗಲಿಯಲ್ಲಿ ಕೂತೆವು. ಅಲ್ಲಿ ಶುರುವಾಯಿತು. ಬೆಂಗಳೂರಿನಿಂದ ಬಂದಿದ್ದ ಅಣ್ಣ ಹೆಲ್ಲಿ ಕಡೆ. ಅತ್ತಿಗೆ ಹೆಂಡತಿ ಕಡೆ. ಚಿಕ್ಕಪ್ಪನ ಮಗಳು ಮಾತ್ರ, "ಇಬ್ಬರೂ ಅವನನ್ನು ಬಿಟ್ಟು ಹೋಗ್ಬೇಕು ಅಕ್ಕಾ" ಅಂದಳು. ರಾತ್ರಿ ಒಂದು ಗಂಟೆಯವರೆಗೂ ಅದೇ. ಯಾರ ಜೋಡಿ ಚೆಂದ, ಯಾರ ಮುತ್ತು ನಿಜ, ಯಾರಿಗೆ ಹಕ್ಕು ಜಾಸ್ತಿ. ಅಷ್ಟು ಹೊತ್ತಿನ ಮಾತಿನಲ್ಲಿ ಆ ಹೆಂಡತಿ ಜೆಮ್ಮಾಗೆ ಏನು ಬೇಕಿತ್ತು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಹೆಂಡತಿ ಪರ ನಿಂತ ಅತ್ತಿಗೆ ಬಾಯಲ್ಲೂ ಬರಲಿಲ್ಲ.

ಹೊರಗೆ ಚಳಿ, ಒಳಗೆ ನನಗೆ ಬೆಂಕಿ. ಮನೆಗೆ ಬಂದು ಎರಡು ದಿನವಾದರೂ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸರಣಿ ನೋಡಿ ತುಂಬ ದಿನ ಆದವರಿಗೆ ಒಂದಿಷ್ಟು ನೆನಪಿಸುತ್ತೇನೆ. ಡ್ಯಾನ್ ಎರಿಕ್ಸನ್ ಕಟ್ಟಿದ ಕಥೆ ಇದು, ಆಪಲ್ ಟಿವಿಯಲ್ಲಿ 2022ರ ಫೆಬ್ರುವರಿಯಲ್ಲಿ ಮೊದಲ ಸೀಸನ್ ಬಂತು. ಎರಡನೆಯದು ಬಂದದ್ದು 2025ರ ಜನವರಿಯಲ್ಲಿ. ಲ್ಯೂಮನ್ ಅನ್ನುವ ಕಂಪನಿ ಕೆಲವು ನೌಕರರ ಮೆದುಳಿಗೆ ಒಂದು ಚಿಪ್ ಹಾಕುತ್ತದೆ. ಆಫೀಸಿನ ಲಿಫ್ಟ್ ಇಳಿದರೆ ಹೊರಗಿನ ಬದುಕು ಪೂರ್ತಿ ಮರೆತುಹೋಗುತ್ತದೆ. ಸಂಜೆ ಲಿಫ್ಟ್ ಹತ್ತಿದರೆ ಒಳಗಿನದ್ದು ಮರೆತುಹೋಗುತ್ತದೆ. ಹೀಗೆ ಒಂದೇ ದೇಹದಲ್ಲಿ ಇಬ್ಬರು. ಹೊರಗಿನ ಮಾರ್ಕ್ ಹಿಂದೆ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವನು. ಹೆಂಡತಿ ಜೆಮ್ಮಾ ಕಾರು ಅಪಘಾತದಲ್ಲಿ ಸತ್ತಳು ಅಂತ ನಂಬಿದ್ದಾನೆ. ದಿನಕ್ಕೆ ಎಂಟು ಗಂಟೆಯಾದರೂ ಆ ನೋವು ಇಲ್ಲದಿರಲಿ ಅಂತಲೇ ಈ ಚಿಪ್ ಹಾಕಿಸಿಕೊಂಡಿದ್ದಾನೆ. ಒಳಗಿನ ಮಾರ್ಕ್‌ಗೆ ಮೊದಮೊದಲು ಹೆಂಡತಿ ಇದ್ದಳು ಅಂತಲೇ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಪಕ್ಕದ ಮೇಜಿನ ಹೆಲ್ಲಿ ಮಾತ್ರ. ಅವಳ ಮೇಲೆ ಅವನಿಗೆ ಪ್ರೀತಿ. ಜೆಮ್ಮಾ ಸತ್ತಿಲ್ಲ. ಅದೇ ಕಟ್ಟಡದ ಇನ್ನೂ ಕೆಳಗಿನ ಮಹಡಿಯಲ್ಲಿ ಬಂದಿಯಾಗಿದ್ದಾಳೆ.

ಕೊನೆಯ ಎಪಿಸೋಡಿನಲ್ಲಿ ಒಳಗಿನ ಮಾರ್ಕ್ ಅವಳನ್ನು ಹೊರಗಿನ ಮೆಟ್ಟಿಲಿನವರೆಗೆ ತಂದು ಬಿಡುತ್ತಾನೆ. ಬಾಗಿಲಾಚೆ ಜೆಮ್ಮಾ ಅವನ ಹೆಸರು ಹಿಡಿದು ಕೂಗುತ್ತಿದ್ದಾಳೆ. ಇವನು ತಿರುಗಿ ನೋಡಿದರೆ ಹಿಂದೆ ಹೆಲ್ಲಿ. ಅವನು ಹೆಲ್ಲಿ ಕೈ ಹಿಡಿದು ಒಳಗೆ ಓಡುತ್ತಾನೆ. ಅಲ್ಲಿಗೆ ಮುಗಿಯಿತು.

ಅಣ್ಣ ಆ ಜಾಗದಲ್ಲಿ ಚಪ್ಪಾಳೆ ಹೊಡೆದನಂತೆ. ಖುಷಿಯಿಂದಲೇ ಹೇಳಿದ.

ಆ ಚಪ್ಪಾಳೆ ನನ್ನನ್ನು ಯಾಕೆ ಇಷ್ಟು ಕಾಡುತ್ತಿದೆ ಅಂದರೆ, ಏಳನೇ ಎಪಿಸೋಡ್ ನೋಡಿದವರು ಹೀಗೆ ಚಪ್ಪಾಳೆ ಹೊಡೆಯಬಹುದು ಅಂತ ನಾನು ಅಂದುಕೊಂಡಿರಲಿಲ್ಲ. 'ಚಿಕಾಯ್ ಬಾರ್ಡೋ' ಅಂತ ಅದರ ಹೆಸರು. ಸರಣಿಯ ಛಾಯಾಗ್ರಾಹಕಿ ಜೆಸಿಕಾ ಲೀ ಗಾನ್ಯೆ ಮೊದಲ ಸಲ ನಿರ್ದೇಶನ ಮಾಡಿದ ಎಪಿಸೋಡ್. ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟವಾದದ್ದು, ಅತಿ ಕಷ್ಟವಾದದ್ದು ಎರಡೂ ಅದೇ. ಅಲ್ಲಿಯವರೆಗೆ ಜೆಮ್ಮಾ ಬರೀ ಒಂದು ಫೋಟೋ. ಆ ಒಂದು ಎಪಿಸೋಡಿನಲ್ಲಿ ಅವಳು ಮನುಷ್ಯಳಾಗುತ್ತಾಳೆ. ಅವಳು ರಷ್ಯನ್ ಸಾಹಿತ್ಯ ಕಲಿಸುತ್ತಿದ್ದವಳು. ಮಾರ್ಕ್ ಸಿಕ್ಕಿದ್ದು ಕಾಲೇಜಿನ ರಕ್ತದಾನದ ಶಿಬಿರದಲ್ಲಿ. ಮಗು ಬೇಕು ಅಂತ ಆಸೆಪಟ್ಟಳು, ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ. ಚಿಕಿತ್ಸೆಗೆ ಅಲೆದಳು. ಸೂಜಿ ಚುಚ್ಚಿಕೊಂಡಳು. ಗಂಡ ಹೆಂಡತಿ ನಡುವೆ ಮಾತು ಕಮ್ಮಿಯಾಯಿತು. ಜೋಡಿಸಿಟ್ಟಿದ್ದ ತೊಟ್ಟಿಲನ್ನು ಮಾರ್ಕ್ ಬಿಚ್ಚಿ ಹಾಕಿದ.

ಆಮೇಲೆ ಕೆಳಗಿನ ಮಹಡಿ. ಅಲ್ಲಿ ಸಾಲು ಸಾಲು ಕೋಣೆಗಳು. ಒಂದೊಂದು ಕೋಣೆಗೆ ಹೋದಾಗಲೂ ಅವಳೊಳಗೆ ಹೊಸಬಳೊಬ್ಬಳು ಏಳುತ್ತಾಳೆ. ಒಂದು ಕೋಣೆಯವಳಿಗೆ ಹಲ್ಲಿನ ಡಾಕ್ಟರ ಕುರ್ಚಿ ಬಿಟ್ಟರೆ ಬೇರೆ ಬದುಕೇ ಇಲ್ಲ. ಎದ್ದು ಹೋದೆ ಅನ್ನುವಷ್ಟರಲ್ಲಿ ಮತ್ತೆ ಅಲ್ಲೇ ಕೂತಿರುತ್ತಾಳೆ. ಇನ್ನೊಂದು ಕೋಣೆಯವಳಿಗೆ ಯಾವಾಗಲೂ ಕ್ರಿಸ್‌ಮಸ್, ಯಾವಾಗಲೂ ಧನ್ಯವಾದದ ಪತ್ರ ಬರೆಯುವುದು. ಇನ್ನೊಬ್ಬಳಿಗೆ ಯಾವಾಗಲೂ ಬೀಳುವ ಹಾಗೆ ಕುಲುಕುವ ವಿಮಾನ. ಹೊರಗೆ ಬಂದ ಜೆಮ್ಮಾಗೆ ಏನೂ ನೆನಪಿಲ್ಲ, ಕೈ ಮಾತ್ರ ನೋಯುತ್ತಿರುತ್ತದೆ.

ಇನ್ನೂ ಒಂದು ವಿಷಯ ಇದೆ. ಆ ರಾತ್ರಿ ನಾನು ಅದನ್ನು ಹೇಳಲು ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೋಣೆಗಳ ಹೆಂಗಸರನ್ನು ಮಾಡಿದ್ದು ಯಾರು? ಒಳಗಿನ ಮಾರ್ಕ್. ಕಂಪ್ಯೂಟರಿನಲ್ಲಿ ಅಂಕಿಗಳನ್ನು ಆರಿಸಿ ಡಬ್ಬಿಗೆ ಹಾಕುವ ಅವನ ಕೆಲಸ ಇದೆಯಲ್ಲ, ಒಂದೊಂದು ಫೈಲ್ ಮುಗಿದಾಗಲೂ ಜೆಮ್ಮಾಳಲ್ಲಿ ಒಬ್ಬೊಬ್ಬಳು ಹೊಸಬಳು ತಯಾರಾಗುತ್ತಿದ್ದಳು. 25ನೆಯ ಫೈಲ್ 'ಕೋಲ್ಡ್ ಹಾರ್ಬರ್'. ಆ ಕೋಣೆಯಲ್ಲಿ ಅವಳ ಮುಂದೆ ಇಟ್ಟದ್ದು ಅದೇ ತೊಟ್ಟಿಲು, ಬಿಚ್ಚು ಅಂತ. ಅವನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಪಾಪ, ಅವನೂ ಗುಲಾಮನೇ. ಆದರೆ ಇಷ್ಟೆಲ್ಲ ಆದ ಮೇಲೂ ನಾವು ಈ ಹೆಂಗಸಿನ ಬಗ್ಗೆ ಕೇಳುವ ಒಂದೇ ಪ್ರಶ್ನೆ, ಅವಳು ಗೆದ್ದಳಾ ಸೋತಳಾ ಅಂತಲಾ?

ನನಗೆ ಗೊತ್ತು, ಅಣ್ಣನ ಮಾತಿನಲ್ಲಿ ಹುರುಳಿದೆ. ಹೊರಗಿನ ಮಾರ್ಕ್‌ಗೆ ಒಳಗಿನವನ ಮೇಲೆ ಗೌರವ ಇಲ್ಲ. ಇಬ್ಬರೂ ಕ್ಯಾಮೆರಾದಲ್ಲಿ ಒಬ್ಬರಿಗೊಬ್ಬರು ಮಾತು ರೆಕಾರ್ಡ್ ಮಾಡಿಟ್ಟು ವಾದ ಮಾಡುವ ಜಾಗ ನೆನಪಿದೆಯಲ್ಲ. ಅಲ್ಲಿ ಹೊರಗಿನವನಿಗೆ ಹೆಲ್ಲಿಯ ಹೆಸರೂ ಸರಿಯಾಗಿ ಬರುವುದಿಲ್ಲ. ಒಳಗಿನವನು ಬಾಗಿಲು ದಾಟಿದರೆ ಅವನ ಪಾಲಿಗೆ ಅದು ಸಾವೇ. ಅವನು ಬದುಕಿದ್ದೇ ಎರಡು ವರ್ಷ, ಅದೂ ಕಿಟಕಿ ಇಲ್ಲದ ಆಫೀಸಿನಲ್ಲಿ. ಆ ಎರಡು ವರ್ಷದಲ್ಲಿ ಅವನಿಗೆ ಸಿಕ್ಕ ಒಂದೇ ಒಳ್ಳೆಯದು ಹೆಲ್ಲಿ. ಹೆಲ್ಲಿಯೂ ಅಷ್ಟೇ. ಅವಳ ಹೊರಗಿನ ರೂಪ ಹೆಲೆನಾ ಆ ಕಂಪನಿಯ ಮಾಲೀಕರ ಮಗಳು, ಹೆಲ್ಲಿಯನ್ನು ಮನುಷ್ಯಳು ಅಂತಲೇ ಒಪ್ಪದವಳು. ಬ್ರಿಟ್ ಲೋವರ್ ಆ ಎರಡನ್ನೂ ಮಾಡಿದ ರೀತಿಗೆ 2025ರಲ್ಲಿ ಎಮ್ಮಿ ಬಂತು. ಬರಲೇಬೇಕಿತ್ತು. ಹಾಗಾಗಿ ಒಳಗಿನ ಮಾರ್ಕ್ ಓಡಿಹೋದದ್ದಕ್ಕೆ ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಓಡುತ್ತಿದ್ದೆನೋ ಏನೋ.

ನನ್ನ ಸಿಟ್ಟು ನಮ್ಮ ಮೇಲೆ, ನೋಡುವವರ ಮೇಲೆ. ಒಬ್ಬನಿಗೆ ಬದುಕುವ ಹಕ್ಕಿದೆ ಅನ್ನುವುದು ಬೇರೆ. ಅದಕ್ಕಾಗಿ ಇನ್ನೊಬ್ಬಳ ಕೂಗು ಕಥೆಯ ಹಿಂದಿನ ಸದ್ದು ಅಂದುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ನಾನೂ ತಲೆಯಾಡಿಸುತ್ತೇನೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ.

ಆ ಟೆಂಟಿನ ರಾತ್ರಿಯದ್ದೂ ಹೇಳಬೇಕು. ನಾಲ್ಕನೇ ಎಪಿಸೋಡಿನಲ್ಲಿ ಹಿಮದ ಕಾಡಿಗೆ ಹೋದಾಗ ಮಾರ್ಕ್ ಜೊತೆ ಮಲಗಿದವಳು ಹೆಲ್ಲಿ ಅಲ್ಲ. ಹೆಲ್ಲಿ ಅಂತ ನಟಿಸುತ್ತಿದ್ದ ಹೆಲೆನಾ. ಅವನಿಗೆ ಗೊತ್ತಿಲ್ಲ. ಹೆಲ್ಲಿಯ ದೇಹ ಅಲ್ಲಿತ್ತು, ಹೆಲ್ಲಿಗೂ ಗೊತ್ತಿಲ್ಲ. ಅವರ ಜೊತೆ ಕೆಲಸ ಮಾಡುವ ಅರ್ವಿಂಗ್ ಒಬ್ಬನೇ ಅವಳನ್ನು ಗುರುತು ಹಿಡಿದವನು. ಅದು ಮೋಸ. ಇಬ್ಬರ ಒಪ್ಪಿಗೆಯನ್ನೂ ಕದ್ದದ್ದು. ಅದನ್ನು ಕೂಡ ಆ ರಾತ್ರಿ ಜಗಲಿಯಲ್ಲಿ "ಅವರಿಬ್ಬರ ಜೋಡಿ ಎಷ್ಟು ಚೆನ್ನಾಗಿದೆ ನೋಡು" ಅನ್ನುವ ಲೆಕ್ಕಕ್ಕೆ ಸೇರಿಸಿದರು. ನಾನು ಎದ್ದು ನೀರು ಕುಡಿಯಲು ಒಳಗೆ ಹೋದೆ. ಅಲ್ಲಿ ಕೂತಿದ್ದರೆ ಹಬ್ಬದ ದಿನ ಅಣ್ಣನ ಜೊತೆ ದೊಡ್ಡ ಜಗಳ ಆಗುತ್ತಿತ್ತು. ಇದು ತ್ರಿಕೋನ ಪ್ರೇಮ ಅಂತ ಒಂದು ಸಲ ಒಪ್ಪಿಕೊಂಡುಬಿಟ್ಟರೆ ಆಗುವುದೇ ಇದು. ಎಲ್ಲವೂ ಯಾರಿಗೆ ಎಷ್ಟು ಅಂಕ ಅನ್ನುವುದಕ್ಕೆ ಬಂದು ನಿಲ್ಲುತ್ತದೆ. ಯಾರಿಗೆ ಏನು ಅನ್ಯಾಯ ಆಯಿತು ಅನ್ನುವುದು ಕಣ್ಣಿಗೇ ಬೀಳುವುದಿಲ್ಲ.

ಮತ್ತೆ ಜೆಮ್ಮಾ ವಿಷಯಕ್ಕೆ ಬರುತ್ತೇನೆ. ಏಳನೇ ಎಪಿಸೋಡಿನಲ್ಲಿ ಅವಳನ್ನು ನೋಡಿಕೊಳ್ಳುವ ಡಾಕ್ಟರ್ ಮೌವರ್ ಒಂದು ಮಾತು ಹೇಳುತ್ತಾನೆ. ಮಾರ್ಕ್ ಬೇರೆ ಮದುವೆಯಾಗಿದ್ದಾನೆ, ಒಬ್ಬಳು ಮಗಳೂ ಇದ್ದಾಳೆ ಅಂತ. ಹಸಿ ಸುಳ್ಳು. ಆದರೆ ಆ ಸುಳ್ಳನ್ನೇ ಯಾಕೆ ಆರಿಸಿಕೊಂಡ ಅಂತ ಯೋಚಿಸಿ ನೋಡಿ. 'ಅವನಿಗೆ ಬೇರೆಯವಳು ಸಿಕ್ಕಿದ್ದಾಳೆ, ನಿನ್ನ ಜಾಗ ಹೋಯಿತು, ಇನ್ನು ಇಲ್ಲೇ ಇರು.' ಮಗು ಕಳೆದುಕೊಂಡ ಹೆಂಗಸಿಗೆ 'ಮಗಳಿದ್ದಾಳೆ' ಅನ್ನುವುದು ಬೇರೆ. ಅವಳನ್ನು ಕೂಡಿಹಾಕಿದವರ ಕೈಯಲ್ಲಿದ್ದ ದೊಡ್ಡ ಆಯುಧ ಯಾವುದು ಅಂದರೆ ಇದೇ 'ಇನ್ನೊಬ್ಬಳು' ಅನ್ನುವ ಕಥೆ. ಅವಳು ಅದನ್ನು ನಂಬಿ ಸುಮ್ಮನೆ ಕೂರಲಿಲ್ಲ. ಕುರ್ಚಿ ತೆಗೆದು ಅವನಿಗೆ ಹೊಡೆದಳು. ಲಿಫ್ಟಿನವರೆಗೆ ಓಡಿದಳು. ಮೇಲಿನ ಆಫೀಸಿನ ಮಹಡಿಗೆ ಬಂದ ಕೂಡಲೇ ಮಿಸ್ ಕೇಸಿಯಾಗಿ, ಅಂದರೆ ಅಲ್ಲಿ ನೌಕರರಿಗೆ ಸಮಾಧಾನ ಹೇಳುವ ತನ್ನದೇ ಒಳಗಿನ ರೂಪವಾಗಿ ಬದಲಾದಳು, ವಾಪಸ್ ಹೋಗು ಅಂದಾಗ ಪಾಪ ಹೋದಳು. ನಾನು ಆ ಜಾಗದಲ್ಲಿ ಅತ್ತುಬಿಟ್ಟೆ. ನೆನಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ಅಷ್ಟು ಹೋರಾಡಿದವಳಿಗೆ ನಾವು ಹೊರಗೆ ಕೂತು ಮೌವರ್ ಹೇಳಿದ್ದನ್ನೇ ಹೇಳುತ್ತಿದ್ದೇವೆ. ಅವನಿಗೆ ಬೇರೆಯವಳು ಸಿಕ್ಕಿದ್ದಾಳೆ, ನಿನ್ನ ಜಾಗ ಹೋಯಿತು.

ಇನ್ನು ಮಿಸ್ ಕೇಸಿ. ಅವಳನ್ನಂತೂ ಈ ಜಗಳದಲ್ಲಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ತನ್ನ ಇಡೀ ಬದುಕು 107 ಗಂಟೆಯದ್ದು ಅಂತ ಅವಳೇ ಹೇಳಿದ್ದಳು. ಆ 107 ಗಂಟೆಯನ್ನೂ ಬೇರೆಯವರಿಗೆ ಸಮಾಧಾನ ಹೇಳುತ್ತಾ ಕಳೆದವಳು. ಒಳಗಿನ ಮಾರ್ಕ್ ಬದುಕಬೇಕು ಅಂತ ಇಷ್ಟು ಜೋರಾಗಿ ಹೇಳುವವರು, ಮಿಸ್ ಕೇಸಿಯೂ ಬದುಕಬೇಕಲ್ವಾ ಅಂತ ಯಾಕೆ ಕೇಳುವುದಿಲ್ಲ? ಬಾಗಿಲು ದಾಟಿದಾಗ ಅವಳೂ ಹೋದಳಲ್ಲ. ಹಲ್ಲಿನ ಕುರ್ಚಿಯವಳು, ಕ್ರಿಸ್‌ಮಸ್ಸಿನವಳು, ಅವರೆಲ್ಲ? ಒಳಗಿನವರ ಪರ ವಾದ ಮಾಡುವುದಾದರೆ ಎಲ್ಲ ಒಳಗಿನವರ ಪರ ಮಾಡಿ. ಪ್ರೀತಿ ಮಾಡುವ ಒಳಗಿನವರಿಗೆ ಮಾತ್ರ ಹಕ್ಕು, ನೋವು ತಿನ್ನುವ ಒಳಗಿನವರಿಗೆ ಇಲ್ಲ ಅಂದರೆ ಅದು ಯಾವ ನ್ಯಾಯ? ಅಣ್ಣನಿಗೆ ಇದನ್ನು ಕೇಳಿದೆ. "ಅದು ಬೇರೆ ವಿಷಯ" ಅಂದ. ಬೇರೆ ಹೇಗೆ ಅಂತ ಹೇಳಲಿಲ್ಲ.

ಡಿಚೆನ್ ಲಾಚ್‌ಮನ್ ಬಗ್ಗೆ ಎರಡು ಮಾತು ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಜೆಮ್ಮಾ, ಮಿಸ್ ಕೇಸಿ, ಕೋಣೆ ಕೋಣೆಯ ಹೆಂಗಸರು, ಎಲ್ಲರೂ ಅವರೊಬ್ಬರೇ. ಹುಟ್ಟಿದ್ದು ಕಾಠ್ಮಂಡುವಿನಲ್ಲಿ, ತಾಯಿ ಟಿಬೆಟ್ ಮೂಲದವರು. ನಾನು ಕುಶಾಲನಗರದವಳು. ಹೊಳೆ ದಾಟಿದರೆ ಬೈಲುಕುಪ್ಪೆ, ನನ್ನ ಜೊತೆ ಓದಿದ ಎಷ್ಟೋ ಹುಡುಗಿಯರು ಅಲ್ಲಿಯವರು. ಅದಕ್ಕೋ ಏನೋ, ಆ ಮುಖ ತೆರೆಯ ಮೇಲೆ ಬಂದಾಗ ನನಗೆ ಹತ್ತಿರದವರು ಅನ್ನಿಸಿತು. ಮಿಸ್ ಕೇಸಿ ಮಾತಾಡುವಾಗ ಆ ಬೆನ್ನು ಎಷ್ಟು ನೆಟ್ಟಗಿರುತ್ತದೆ, ಜೆಮ್ಮಾ ನಗುವಾಗ ಅದೇ ಬೆನ್ನು ಎಷ್ಟು ಸಡಿಲವಾಗುತ್ತದೆ, ಮತ್ತೆ ನೋಡಿದಾಗ ಗಮನಿಸಿ.

ಈಗ ಮನೆಯ ಮಾತು. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಅಪ್ಪ ಸೈನ್ಯದಲ್ಲಿದ್ದವರು ಅಂತ ನಿಮಗೆಲ್ಲ ಗೊತ್ತು. ಕೊಡಗಿನಲ್ಲಿ ಅದೇನು ವಿಶೇಷ ಅಲ್ಲ, ಮನೆಗೊಬ್ಬರು ಸಿಗುತ್ತಾರೆ. ರಜೆಗೆ ಬರುತ್ತಿದ್ದ ಅಪ್ಪ ನಗುತ್ತಿದ್ದರು, ಟ್ರಂಕ್ ತುಂಬ ಕ್ಯಾಂಟೀನ್ ಸಾಮಾನು ತರುತ್ತಿದ್ದರು, ಅಮ್ಮನನ್ನು ಮಡಿಕೇರಿಗೆ ಸಿನಿಮಾಗೆ ಕರೆದುಕೊಂಡು ಹೋಗುತ್ತಿದ್ದರು. ನಿವೃತ್ತಿಯಾಗಿ ಬಂದ ಅಪ್ಪ ಮಾತಾಡುತ್ತಿರಲಿಲ್ಲ. ಅವರ ಬದುಕಿನ ಮುಕ್ಕಾಲು ಭಾಗ ಬೇರೆ ಎಲ್ಲೋ ಆಗಿಹೋಗಿತ್ತು, ಅಲ್ಲಿ ಅಮ್ಮ ಇರಲಿಲ್ಲ. ಅವರ ಜೊತೆಯವರು, ಅವರ ಹೆಸರು, ಅವರು ಸತ್ತದ್ದು ಬದುಕಿದ್ದು ಯಾವುದೂ ಅಮ್ಮನಿಗೆ ಗೊತ್ತಿಲ್ಲ. ನಂಟರೆಲ್ಲ ಬಂದು ಅಪ್ಪನನ್ನು ವಿಚಾರಿಸುತ್ತಿದ್ದರು. ಪಾಪ, ಅವರಿಗೆ ಊರು ಒಗ್ಗುತ್ತಿಲ್ಲ, ನೀವು ಸ್ವಲ್ಪ ಹೊಂದಿಕೊಳ್ಳಿ ಅಂತ ಅಮ್ಮನಿಗೆ ಹೇಳಿ ಹೋಗುತ್ತಿದ್ದರು. ಅಷ್ಟು ವರ್ಷ ಕಾದು, ತೋಟ ನೋಡಿಕೊಂಡು, ನಮ್ಮನ್ನು ಸಾಕಿ, ಕೊನೆಗೆ ಪರಿಚಯವೇ ಇಲ್ಲದ ಗಂಡಸಿಗೆ ಅನ್ನ ಬಡಿಸುತ್ತಿರುವ ಅಮ್ಮನನ್ನು, ನಿನಗೆ ಹೇಗಿದೆ ಅಂತ ಯಾರೂ ಕೇಳಲಿಲ್ಲ.

ಅದಕ್ಕೇ ಈ ಕಥೆ ನನಗೆ ಬರೀ ಟಿವಿ ಅಲ್ಲ. ಗಂಡನ ಒಳಗೆ ತನಗೆ ಗೊತ್ತಿಲ್ಲದ ಇನ್ನೊಂದು ಬದುಕಿದೆ ಅಂತ ತಿಳಿದ ಹೆಂಗಸು ಏನು ಮಾಡುತ್ತಾಳೆ? ಆ ಪ್ರಶ್ನೆಯನ್ನು ಜೆಮ್ಮಾಗೆ ಕೇಳಲೇಬೇಕು. ಆ ಹೆಂಗಸಿನ ಎದುರಿಗೆ ಇನ್ನೊಬ್ಬ ಹೆಂಗಸನ್ನು ನಿಲ್ಲಿಸಿ ಪಂದ್ಯ ಆಡಿಸುವುದನ್ನು ನಾನು ಸಹಿಸಲಾರೆ.

ಸರಣಿ ಬರೆದವರಿಗೆ ಇದು ಗೊತ್ತಿಲ್ಲ ಅಂತಲ್ಲ. ಮಾರ್ಕ್ ಜೊತೆ ಕೆಲಸ ಮಾಡುವ ಡಿಲನ್ ಕಥೆ ನೋಡಿ. ಹೊರಗಿನ ಡಿಲನ್‌ನ ಹೆಂಡತಿ ಗ್ರೆಚೆನ್ ಆಫೀಸಿಗೆ ಬಂದು ಒಳಗಿನ ಡಿಲನ್‌ನನ್ನು ಭೇಟಿಯಾಗುತ್ತಾಳೆ. ಅವನಲ್ಲಿ ತಾನು ಮೊದಲು ಪ್ರೀತಿಸಿದ ಗಂಡನ ಉತ್ಸಾಹ ಕಾಣುತ್ತದೆ. ಮುತ್ತು ಕೊಡುತ್ತಾಳೆ. ಮನೆಗೆ ಹೋಗಿ ಗಂಡನಿಗೆ ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಒಳಗಿನವನು ಉಂಗುರ ಮಾಡಿಕೊಂಡು ಬಂದು ಮದುವೆಯಾಗು ಅಂದಾಗ ಅಳುತ್ತಾ ಬೇಡ ಅನ್ನುತ್ತಾಳೆ. ಇಲ್ಲಿ ಹೆಂಗಸಿಗೆ ಆಸೆ ಇದೆ, ತಪ್ಪಿತಸ್ಥ ಭಾವ ಇದೆ, ತೀರ್ಮಾನವೂ ಅವಳದೇ. ಮೆರಿಟ್ ವೆವರ್‌ಗೆ ಆ ಪಾತ್ರಕ್ಕೆ ಎಮ್ಮಿ ಬಂದದ್ದು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಹೇಳಲಾರೆ. ನಿಜವಾದ ತ್ರಿಕೋನ ಬೇಕು ಅನ್ನುವವರು ಅದರ ಬಗ್ಗೆ ಮಾತಾಡಲಿ. ಇಲ್ಲವಾದರೆ ಒಳಗಿನ ಅರ್ವಿಂಗ್ ಪ್ರೀತಿಸಿದ ಬರ್ಟ್, ಬರ್ಟ್‌ನ ಗಂಡ ಫೀಲ್ಡ್ಸ್, ಅರ್ವಿಂಗ್, ಆ ಮೂವರೂ ಕೂತು ಊಟ ಮಾಡುವ ದೃಶ್ಯದ ಬಗ್ಗೆ ಮಾತಾಡಲಿ. ಅಲ್ಲಿ ಮೂವರಿಗೂ ಬಾಯಿ ಇದೆ. ನಮ್ಮ ಜಗಲಿಯಲ್ಲಿ ಅದರ ಚರ್ಚೆ ಎರಡು ನಿಮಿಷವೂ ನಡೆಯಲಿಲ್ಲ.

ಅತ್ತಿಗೆಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ ಅತ್ತಿಗೆ. "ಕಟ್ಟಿಕೊಂಡವಳನ್ನು ಬಿಟ್ಟು ಹೋಗಬಾರದಿತ್ತು" ಅಂದಿರಿ. ಬಾಗಿಲಲ್ಲಿ ನಿಂತಿದ್ದವನು ಅವಳನ್ನು ಕಟ್ಟಿಕೊಂಡವನಲ್ಲ. ಅವನು ಅವಳನ್ನು ಹೆಂಡತಿ ಅಂತ ಯಾವತ್ತೂ ನೋಡಿಲ್ಲ. ಮದುವೆಯ ಹೆಸರಲ್ಲಿ ಅವನನ್ನು ಎಳೆದು ತರುವುದೂ ತಪ್ಪೇ. ಜೆಮ್ಮಾಗೆ ನ್ಯಾಯ ಸಿಗುವುದು ಅಂದರೆ ಗಂಡ ವಾಪಸ್ ಸಿಗುವುದು ಅಂತಲೇ ಯಾಕೆ ಅಂದುಕೊಳ್ಳಬೇಕು? ಸತ್ತಳು ಅಂತ ಊರಿಗೆಲ್ಲ ನಂಬಿಸಿ ಕೂಡಿಹಾಕಿದ ಕಂಪನಿ ಇದೆಯಲ್ಲ. ಅವಳ ಕೆಲಸ, ಅವಳ ಹೆಸರು, ಅವಳ ವರ್ಷಗಳು ಹೋದವಲ್ಲ. ಅದರ ಲೆಕ್ಕ ಯಾರು ಕೊಡುತ್ತಾರೆ? ಅಣ್ಣನೂ ನೀವೂ ಎದುರು ಬದುರು ಕೂತು ಜಗಳ ಆಡಿದಿರಿ, ಆದರೆ ಇಬ್ಬರ ಕಣ್ಣೂ ಮಾರ್ಕ್ ಮೇಲೆಯೇ ಇತ್ತು.

"ಸುಮ್ನೆ ಒಂದು ಸೀರಿಯಲ್‌ಗೆ ಇಷ್ಟು ತಲೆ ಕೆಡಿಸ್ಕೊಳ್ತೀಯಲ್ಲ" ಅಂತ ಕೆಲವರು ಬರೆಯುತ್ತೀರಿ. ಕೆಡಿಸಿಕೊಳ್ಳುತ್ತೇನೆ. ರಾತ್ರಿ ಒಂದರವರೆಗೆ ಕೂತು ಮಾತಾಡುವಷ್ಟು ಅದು ನಮಗೆ ಮುಖ್ಯ ಅಂದಮೇಲೆ, ಏನು ಮಾತಾಡುತ್ತೇವೆ ಅನ್ನುವುದೂ ಮುಖ್ಯವೇ.

ಮೂರನೇ ಸೀಸನ್ ಖಂಡಿತ ಅಂತ ಆ ಕೊನೆಯ ಎಪಿಸೋಡ್ ಬಂದ ದಿನವೇ, 2025ರ ಮಾರ್ಚ್ 21ಕ್ಕೆ, ತಿಳಿಸಿದ್ದಾರೆ. ನಾನು ಕಾಯುತ್ತಿರುವುದು ಮಾರ್ಕ್ ಹೊರಗೆ ಬರುತ್ತಾನಾ ಅಂತ ನೋಡಲು ಅಲ್ಲ. ಜೆಮ್ಮಾ ಆ ಮೆಟ್ಟಿಲಿನಿಂದ ಎಲ್ಲಿಗೆ ಹೋಗುತ್ತಾಳೆ ಅಂತ ನೋಡಬೇಕು. ನಾದಿನಿ ಡೆವನ್ ಹೊರಗಿದ್ದಾಳೆ. ಅವಳ ಮಗುವನ್ನು ಜೆಮ್ಮಾ ನೋಡಿಯೇ ಇಲ್ಲ. ಅವರಿಬ್ಬರೂ ಒಂದು ಮೇಜಿನ ಎದುರು ಕೂತು ಮಾತಾಡುವ ಪೂರ್ತಿ ಒಂದು ಎಪಿಸೋಡ್ ನನಗೆ ಬೇಕು. ಅವಳು ಮಾರ್ಕ್‌ಗಾಗಿ ವಾಪಸ್ ಹೋಗುತ್ತೇನೆ ಅಂದರೆ ಹೋಗಲಿ. ಬೇಡ, ನನಗೆ ಅವನೂ ಬೇಡ ಈ ಊರೂ ಬೇಡ ಅಂದರೆ ಅದೂ ಸರಿ. ಅವಳ ಬಾಯಿಂದ ಬರಬೇಕು, ಅಷ್ಟೇ.

ಅಣ್ಣಾ, ಇದನ್ನು ಓದುತ್ತೀಯ ಅಂತ ಗೊತ್ತು. ಕ್ರಿಸ್‌ಮಸ್ ರಜೆಗೆ ಬರುತ್ತೀಯಲ್ಲ, ಆಗ ಏಳನೇ ಎಪಿಸೋಡ್ ಒಂದನ್ನೇ ಮತ್ತೆ ಹಾಕೋಣ. ಅತ್ತಿಗೆಯೂ ಇರಲಿ. ನೋಡಿ ಮುಗಿಸಿದ ಮೇಲೂ ಆ ಚಪ್ಪಾಳೆ ಸರಿ ಅನ್ನಿಸಿದರೆ ನನಗೆ ಹೇಳು, ಕೂತು ಕೇಳುತ್ತೇನೆ.